ಇಂಗ್ಲೆಂಡಿನಲ್ಲಿ ಜ್ಯೂರಿ ಸಮನ್ಸ್ ಬಂದರೆ: ಉತ್ತರ ಕಳಿಸುವುದರಿಂದ ಕಾಯುವ ಕೋಣೆಯ ತನಕ

ಕೈಯಲ್ಲಿ ಇಂಡಿಯನ್ ಪಾಸ್‌ಪೋರ್ಟ್ ಇದ್ದರೂ ಇಂಗ್ಲೆಂಡಿನಲ್ಲಿ ಜ್ಯೂರಿಯಲ್ಲಿ, ಅಂದರೆ ಕೇಸ್ ಕೇಳಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ಗುಂಪಿನಲ್ಲಿ, ಕೂರಬೇಕಾಗಿ ಬರಬಹುದು. ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ರೆಡಿಂಗ್, ಸ್ಲೋ, ಮಿಲ್ಟನ್ ಕೀನ್ಸ್ ಕಡೆಯ ಕನ್ನಡಿಗರ ಮನೆಗೆ ಸಮನ್ಸ್, ಅಂದರೆ ಜ್ಯೂರಿಗೆ ಬನ್ನಿ ಅನ್ನುವ ಕೋರ್ಟಿನ ಕಾಗದ, ಬಂದಾಗ ಮೊದಲು ಕೇಳುವ ಮಾತು ಒಂದೇ: "ನಾವು ಸಿಟಿಜನ್ ಅಲ್ಲವಲ್ಲ, ತಪ್ಪಿ ಬಂದಿರಬೇಕು." ತಪ್ಪಿ ಬಂದಿರುವುದಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ವೀಸಾ ಮೇಲೆ ಇಲ್ಲಿರುವ ಭಾರತೀಯರೂ ವೋಟರ್ ಲಿಸ್ಟ್‌ಗೆ ಸೇರಬಹುದು. ಜ್ಯೂರಿಗೆ ಹೆಸರು ಎತ್ತುವುದು ಅದೇ ಲಿಸ್ಟ್‌ನಿಂದ, ಕಂಪ್ಯೂಟರ್ ಮೂಲಕ. ನಿಮ್ಮ ಓದು, ಕೆಲಸ, ಊರು ಯಾವುದನ್ನೂ ನೋಡುವುದಿಲ್ಲ.

ನಮ್ಮ ದೇಶದಲ್ಲಿ ಜ್ಯೂರಿ ಹೋಗಿ ದಶಕಗಳೇ ಆದವು. 1959ರಲ್ಲಿ ಬೊಂಬಾಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ ಮೇಲಿನ ಕೊಲೆ ಕೇಸಿನಲ್ಲಿ ಜ್ಯೂರಿ 8–1ರಿಂದ ಆರೋಪಿಯನ್ನು ನಿರ್ದೋಷಿ ಎಂದಿತು. ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಆಮೇಲೆ ಅಲ್ಲಲ್ಲಿ ಉಳಿದಿದ್ದ ಜ್ಯೂರಿ ವಿಚಾರಣೆಗಳೂ 1973ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಬಂದ ಮೇಲೆ ಮುಗಿಯಿತು. ಹೀಗಾಗಿ ಮನೆಯಲ್ಲಿ ಕೇಳಿ ತಿಳಿಯೋಣ ಅಂದರೆ ಅಪ್ಪನಿಗೂ ಗೊತ್ತಿಲ್ಲ, ಮಾವನಿಗೂ ಗೊತ್ತಿಲ್ಲ. ಗೊತ್ತಿರುವುದೆಲ್ಲ ಅಮೆರಿಕದ ಸಿನಿಮಾಗಳಿಂದ. ಇಂಗ್ಲೆಂಡಿನ ಪದ್ಧತಿ ಅದಕ್ಕಿಂತ ಬಹಳ ಬೇರೆ.

ಈ ಬರಹ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡಿನ ನಿಯಮ ಬೇರೆ, ಅಲ್ಲಿ ಜ್ಯೂರಿಯಲ್ಲಿ 15 ಜನ. ಇಲ್ಲಿ 12.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕೇಸಿಗೆ ಅಂತ ನೀವು ಏನೂ ಓದಿಕೊಳ್ಳಬೇಕಿಲ್ಲ, ಓದಿಕೊಳ್ಳಲೂ ಬಾರದು. ಕಾನೂನನ್ನು ಜಡ್ಜ್ ಹೇಳಿಕೊಡುತ್ತಾರೆ. ನಿಮ್ಮ ತಯಾರಿ ಪೂರ್ತಿ ಬೇರೆ ಕಡೆ ಬೇಕು: ಆಫೀಸು, ಮನೆ, ದುಡ್ಡು, ಮತ್ತೆ ಎಲ್ಲಕ್ಕಿಂತ ಜಾಸ್ತಿ, ಕಾಯುವುದಕ್ಕೆ.

ಮೊದಲು ನೋಡಿಕೊಳ್ಳಿ: ನೀವು ಹೋಗಲೇಬೇಕಾ?

ಮೂರು ಷರತ್ತುಗಳಿವೆ. ವಯಸ್ಸು 18ರಿಂದ 75ರ ಒಳಗೆ ಇರಬೇಕು. ವೋಟರ್ ಲಿಸ್ಟ್‌ನಲ್ಲಿ ಹೆಸರಿರಬೇಕು. 13 ವಯಸ್ಸು ತುಂಬಿದ ಮೇಲೆ ಒಟ್ಟು ಕನಿಷ್ಠ 5 ವರ್ಷ ಯುಕೆಯಲ್ಲಿ ವಾಸ ಮಾಡಿರಬೇಕು.

ನಮ್ಮವರು ಗಮನಿಸಬೇಕಾದ್ದು ಈ ಮೂರನೆಯದು. ಬೆಂಗಳೂರಿನಿಂದ ಬಂದು ಮೂರೇ ವರ್ಷ ಆಗಿದ್ದರೆ ನೀವು ಅರ್ಹರಲ್ಲ. ಆದರೂ ಲಿಸ್ಟ್‌ನಲ್ಲಿ ಹೆಸರಿದ್ದರೆ ಸಮನ್ಸ್ ಬರಬಹುದು. ಯಾಕಂದರೆ ಆ ಕಂಪ್ಯೂಟರ್‌ಗೆ ನೀವು ಯಾವಾಗ ಬಂದಿರಿ ಅಂತ ಗೊತ್ತಿಲ್ಲ. ಆಗ ಕಾಗದವನ್ನು ಮೂಲೆಗೆ ಹಾಕಬೇಡಿ. ಉತ್ತರ ಕಳಿಸಿ, ಫಾರ್ಮ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅಲ್ಲಿಗೆ ಮುಗಿಯಿತು.

ಬೇಲ್ ಮೇಲೆ ಇರುವವರು, ಹಿಂದೆ ಕೆಲವು ಬಗೆಯ ಶಿಕ್ಷೆ ಆದವರು ಜ್ಯೂರಿಯಲ್ಲಿ ಕೂರುವಂತಿಲ್ಲ. ಅದರ ವಿವರ ಫಾರ್ಮ್‌ನಲ್ಲೇ ಇರುತ್ತದೆ.

ಮನೆಯಲ್ಲಿರುವ ಹಿರಿಯರ ಹೆಸರಿಗೆ ಬಂದರೆ? ಮಕ್ಕಳ ಜೊತೆ ಇಲ್ಲೇ ನೆಲೆಸಿರುವ ಅಮ್ಮನಿಗೋ ಅತ್ತೆಗೋ ಸಮನ್ಸ್ ಬಂತು, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಅಂತ ಇಟ್ಟುಕೊಳ್ಳಿ. ಗಾಬರಿ ಬೇಡ. ವಿಚಾರಣೆ ಅರ್ಥ ಆಗುವಷ್ಟು ಇಂಗ್ಲಿಷ್ ಬರದಿದ್ದರೆ ಅವರನ್ನು ಬಿಟ್ಟುಬಿಡಲು ಕಾನೂನಿನಲ್ಲೇ ದಾರಿ ಇದೆ. ಉತ್ತರದಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಿರಿ. ಫಾರ್ಮ್ ತುಂಬಲು ನೀವು ಸಹಾಯ ಮಾಡಬಹುದು. ಆದರೆ ಅವರ ಬದಲಿಗೆ ನೀವು ಹೋಗಿ ಕೂರುವಂತಿಲ್ಲ.

7 ದಿನದ ಒಳಗೆ ಉತ್ತರ

ಸಮನ್ಸ್ ಕೈಸೇರಿದ 7 ದಿನದಲ್ಲಿ ಉತ್ತರ ಕಳಿಸಬೇಕು. ಆನ್‌ಲೈನ್‌ನಲ್ಲೂ ಆಗುತ್ತದೆ, ಅಂಚೆಯಲ್ಲೂ ಆಗುತ್ತದೆ. ಉತ್ತರ ಕಳಿಸದಿದ್ದರೆ, ಅಥವಾ ಹೇಳಿದ ದಿನ ಹೋಗದಿದ್ದರೆ 1,000 ಪೌಂಡ್‌ವರೆಗೆ ದಂಡ ಬೀಳಬಹುದು. ಯಾರಾದರೂ ಫೋನ್ ಮಾಡಿ "ನೀವು ಜ್ಯೂರಿಗೆ ಬರಲಿಲ್ಲ, ಈಗಲೇ ದಂಡ ಕಟ್ಟಿ" ಅಂತ ಕಾರ್ಡ್ ನಂಬರ್ ಕೇಳಿದರೆ ಸುಮ್ನೆ ಫೋನ್ ಇಟ್ಟುಬಿಡಿ. ಅದು ಮೋಸ.

ದಿನಾಂಕ ಆಗಿಬರದಿದ್ದರೆ ಮುಂದೂಡಲು ಕೇಳಬಹುದು. ಊರಿಗೆ ಹೋಗಲು ಟಿಕೆಟ್ ಬುಕ್ ಆಗಿದೆ, ಆಪರೇಷನ್ ಇದೆ, ಪರೀಕ್ಷೆ ಇದೆ: ಇವೆಲ್ಲ ಹೇಳಿಕೊಳ್ಳಬಹುದಾದ ಕಾರಣಗಳೇ. ಆದರೆ ಮುಂದೂಡಲು ಸಿಗುವುದು ಒಂದೇ ಸಲ. ಅದೂ 12 ತಿಂಗಳ ಒಳಗಿನ ದಿನಾಂಕಕ್ಕೆ. ನಿಮಗೆ ಯಾವಾಗ ಆಗುತ್ತದೆ ಅಂತಲೂ ನೀವೇ ಹೇಳಬೇಕು.

ಹಾಗಾಗಿ ಫಾರ್ಮ್ ತುಂಬುವ ಮುಂಚೆ ಮನೆಮಂದಿಯೆಲ್ಲ ಕ್ಯಾಲೆಂಡರ್ ಮುಂದೆ ಕೂತುಕೊಳ್ಳಿ. ತಂಗಿಯ ಮದುವೆ ಯಾವಾಗ, ಅಪ್ಪ ಅಮ್ಮ ಯಾವಾಗ ಬರುತ್ತಾರೆ, ಮಕ್ಕಳ ಶಾಲೆಗೆ ರಜೆ ಯಾವಾಗ, ದೀಪಾವಳಿಗೆ ಊರಿಗೆ ಹೋಗುವುದುಂಟಾ, ಎಲ್ಲ ನೋಡಿ. ಒಂದು ಸಲ ಮುಂದೂಡಿದ ಮೇಲೆ "ಈ ತಿಂಗಳೂ ಆಗಲ್ಲ" ಅಂದರೆ ಕೇಳುವವರಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ನಿಜವಾದ ತೊಡಕು ಇಲ್ಲದಿದ್ದರೆ ಮೊದಲ ದಿನಾಂಕಕ್ಕೇ ಹೋಗಿಬಿಡುವುದು ಒಳ್ಳೆಯದು.

ಪೂರ್ತಿ ಬಿಡುಗಡೆ ಸಿಗುವುದು ಕಷ್ಟ. ತೀವ್ರ ಕಾಯಿಲೆ, ಇಡೀ ದಿನ ಒಬ್ಬರ ಆರೈಕೆ ಮಾಡುತ್ತಿರುವುದು, ಹೊಸದಾಗಿ ಮಗುವಾಗಿರುವುದು, ಇಂಥ ಕಾರಣಗಳನ್ನು ಪರಿಶೀಲಿಸುತ್ತಾರೆ. ಕಳೆದ 2 ವರ್ಷದಲ್ಲಿ ಒಮ್ಮೆ ಜ್ಯೂರಿ ಸೇವೆ ಮಾಡಿದ್ದರೆ ಅದನ್ನೂ ಹೇಳಬಹುದು. "ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ" ಅನ್ನುವುದಕ್ಕೆ ಹೆಚ್ಚೆಂದರೆ ಮುಂದೂಡಿಕೆ ಸಿಗಬಹುದು, ಅಷ್ಟೇ.

ಆಫೀಸು ಮತ್ತು ಸಂಬಳ

ಸೇವೆ ಸಾಮಾನ್ಯವಾಗಿ 10 ಕೆಲಸದ ದಿನ, ಅಂದರೆ ಎರಡು ವಾರ. ಕೇಸ್ ಉದ್ದವಾದರೆ ಇನ್ನೂ ಜಾಸ್ತಿ. ಕಂಪನಿ ನಿಮಗೆ ರಜೆ ಕೊಡಲೇಬೇಕು. ಜ್ಯೂರಿಗೆ ಹೋದ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಕಿರುಕುಳ ಕೊಡುವಂತಿಲ್ಲ. ಆದರೆ ಆ ದಿನಗಳಿಗೆ ಸಂಬಳ ಕೊಡಲೇಬೇಕು ಅನ್ನುವ ಕಾನೂನು ಇಲ್ಲ. ಕೆಲವು ಕಂಪನಿ ಪೂರ್ತಿ ಕೊಡುತ್ತವೆ, ಕೆಲವು ಒಂದಿಷ್ಟು ದಿನ ಕೊಡುತ್ತವೆ, ಕೆಲವು ಏನೂ ಕೊಡುವುದಿಲ್ಲ. ಎಚ್‌ಆರ್‌ಗೆ ಮೇಲ್ ಬರೆದು ಉತ್ತರವನ್ನು ಮೇಲ್‌ನಲ್ಲೇ ತೆಗೆದುಕೊಳ್ಳಿ. ಕಂಪನಿಯೇ ನಿಮ್ಮ ವೀಸಾ ಸ್ಪಾನ್ಸರ್ ಆಗಿದ್ದರೆ, ಸಂಬಳ ಕಡಿತ ಆಗುವ ದಿನಗಳನ್ನು ಹೇಗೆ ದಾಖಲಿಸುತ್ತೀರಿ ಅಂತಲೂ ಅದರಲ್ಲೇ ಕೇಳಿಬಿಡಿ.

ಸಂಬಳ ಹೋದರೆ ಕೋರ್ಟಿನಿಂದ ಪರಿಹಾರ ಸಿಗುತ್ತದೆ, ಆದರೆ ಮಿತಿ ಇದೆ. 2024ರ ದರದಲ್ಲಿ ಮೊದಲ 10 ದಿನ, ದಿನಕ್ಕೆ 4 ಗಂಟೆಗಿಂತ ಜಾಸ್ತಿ ಇದ್ದರೆ ಗರಿಷ್ಠ 64.95 ಪೌಂಡ್. 4 ಗಂಟೆ ಅಥವಾ ಕಡಿಮೆ ಇದ್ದರೆ 32.47 ಪೌಂಡ್. 10 ದಿನ ದಾಟಿದ ಮೇಲೆ ಪೂರ್ತಿ ದಿನಕ್ಕೆ 129.91 ಪೌಂಡ್‌ವರೆಗೆ. ಮಾಮೂಲಿಗಿಂತ ಜಾಸ್ತಿ ಮಾಡಿಸಬೇಕಾದ ಮಕ್ಕಳ ಆರೈಕೆಯ ಖರ್ಚೂ ಇದೇ ಮಿತಿಯೊಳಗೆ ಸೇರುತ್ತದೆ. ಇದು ಸಾಲುವುದಿಲ್ಲ, ಅದು ನಿಜ. ಲಂಡನ್ ಬಾಡಿಗೆ ಕಟ್ಟುವ ಮನೆಗೆ ಎರಡು ವಾರದ ಸಂಬಳ ಕಡಿಮೆಯಾದರೆ ಹೊಡೆತವೇ. ಹಾಗಾಗಿ ಎಷ್ಟು ಕಮ್ಮಿ ಬೀಳುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಒಂದಿಷ್ಟು ಎತ್ತಿಡಿ.

ಪರಿಹಾರಕ್ಕೆ ಕಂಪನಿಯವರು ಒಂದು ಸರ್ಟಿಫಿಕೇಟ್ ತುಂಬಿ ಕೊಡಬೇಕು. ಅದನ್ನು ಮೊದಲ ದಿನದ ಹೊತ್ತಿಗೇ ತಯಾರಿಟ್ಟುಕೊಳ್ಳಿ. ಸ್ವಂತ ಉದ್ಯೋಗದವರು ಆದಾಯ ತೋರಿಸುವ ದಾಖಲೆ ಕೊಡಬೇಕು.

ಇನ್ನೊಂದು ಮುಖ್ಯ ವಿಷಯ. ಮಧ್ಯಾಹ್ನವೇ ಕೋರ್ಟ್ ಬಿಟ್ಟರೆ ಆಫೀಸಿಗೆ ಬರಬೇಕಾ, ಲಾಗಿನ್ ಆಗಬೇಕಾ ಅಂತ ಮ್ಯಾನೇಜರ್ ಹತ್ತಿರ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಮಾಡಿಕೊಳ್ಳದಿದ್ದರೆ ಎರಡು ವಾರವೂ ಫೋನ್ ಹಿಡಿದು ಒದ್ದಾಡುತ್ತೀರಿ. ಇಡೀ ದಿನ ಸಾಕ್ಷಿ ಕೇಳಿ ಬಂದವರು ರಾತ್ರಿ ಕೂತು ಆಫೀಸ್ ಕೆಲಸ ಮಾಡುವುದು ನ್ಯಾಯವಲ್ಲ. ನಿಮಗೂ ನ್ಯಾಯವಲ್ಲ, ಕಟಕಟೆಯಲ್ಲಿ ನಿಂತಿರುವವನಿಗೂ ಅಲ್ಲ. ನಿದ್ದೆಗೆಟ್ಟು ಬಂದು ಕೇಳಿದ ಸಾಕ್ಷ್ಯದ ಮೇಲೆ ಒಬ್ಬರ ಬದುಕು ನಿಂತಿರುತ್ತದೆ.

ಮನೆ

ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವವರು ಯಾರು, ಸಂಜೆ ಕರೆತರುವವರು ಯಾರು, ಎರಡು ವಾರಕ್ಕೆ ಬರೆದಿಡಿ. ಕೋರ್ಟ್ ಸಾಮಾನ್ಯವಾಗಿ ಬೆಳಿಗ್ಗೆ 10ಕ್ಕೆ ಶುರುವಾಗಿ ಸಂಜೆ 4ರಿಂದ 5ರ ಹೊತ್ತಿಗೆ ಮುಗಿಯುತ್ತದೆ. ಆದರೆ ಮೂರೂವರೆಗೆ ಶಾಲೆ ಗೇಟಿನಲ್ಲಿ ಇರುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡಿ. ಒಬ್ಬ ಸದಸ್ಯರು ತಡವಾದರೂ ಉಳಿದ 11 ಜನ, ಜಡ್ಜ್, ವಕೀಲರು, ಸಾಕ್ಷಿಗಳು ಎಲ್ಲ ಕಾಯಬೇಕು. ಬೆಳಿಗ್ಗೆ ರೈಲು ನಂಬಿ ಹೋಗುವವರು ಒಂದು ಗಾಡಿ ಮುಂಚಿನದನ್ನೇ ಹಿಡಿಯಿರಿ.

ಸಕ್ಕರೆ ಕಾಯಿಲೆ, ಬೆನ್ನುನೋವು, ಕಿವಿ ಮಂದ, ಗಾಲಿಕುರ್ಚಿ, ಏನಿದ್ದರೂ ಮುಂಚೆಯೇ ಕೋರ್ಟಿಗೆ ತಿಳಿಸಿ. ವ್ಯವಸ್ಥೆ ಮಾಡುತ್ತಾರೆ. 2022ರ ಕಾನೂನಿನ ನಂತರ ಕಿವುಡರೂ ಬ್ರಿಟಿಷ್ ಸನ್ನೆ ಭಾಷೆಯ ದುಭಾಷಿಯ ಜೊತೆ ಜ್ಯೂರಿಯಲ್ಲಿ ಕೂರಬಹುದು.

ಚೀಲದಲ್ಲಿ ಏನಿರಬೇಕು

ಸಮನ್ಸ್ ಅಥವಾ ದೃಢೀಕರಣ ಪತ್ರ, ಪಾಸ್‌ಪೋರ್ಟ್ ಇಲ್ಲವೇ ಫೋಟೋ ಇರುವ ಡ್ರೈವಿಂಗ್ ಲೈಸೆನ್ಸ್. ಇವು ಇಲ್ಲದೆ ಹೊರಡಬೇಡಿ.

ಊಟ ಕಟ್ಟಿಕೊಂಡು ಹೋಗಿ. ಕೆಲವು ಕೋರ್ಟ್‌ಗಳಲ್ಲಿ ಕ್ಯಾಂಟೀನ್ ಇದೆ, ಕೆಲವುದರಲ್ಲಿ ಚಿಪ್ಸ್ ಚಾಕಲೇಟ್ ಬೀಳಿಸುವ ಮೆಷಿನ್ ಬಿಟ್ಟರೆ ಏನೂ ಇಲ್ಲ. ಊಟಕ್ಕೆ ಅಂತ ಕೊಡುವ ಭತ್ಯೆ, ಅದೇ 2024ರ ದರದಲ್ಲಿ, ದಿನಕ್ಕೆ 5.71 ಪೌಂಡ್. ಸಸ್ಯಾಹಾರಿಗಳಿಗೆ ದಿನಾ ಚೀಸ್ ಸ್ಯಾಂಡ್‌ವಿಚ್ ತಿಂದು ಸಾಕಾಗಿಹೋಗುತ್ತದೆ. ಬಿಸಿ ಮಾಡದೆ ತಿನ್ನಬಹುದಾದ್ದು ಒಳ್ಳೆಯದು: ಚಿತ್ರಾನ್ನ, ಪುಳಿಯೋಗರೆ, ಚಪಾತಿ ಪಲ್ಯ. ಮೊಸರನ್ನವೂ ಸರಿ. ಆದರೆ ಮಧ್ಯಾಹ್ನ ಸಾಕ್ಷಿ ಹೇಳಿಕೆ ಕೇಳುವುದಿರುತ್ತದೆ, ಹೊಟ್ಟೆ ಬಿರಿಯ ತಿಂದರೆ ನಿದ್ದೆ ಎಳೆಯುತ್ತದೆ. ಚಾಕು, ಕತ್ತರಿ, ಗಾಜಿನ ಬಾಟಲಿ ಬೇಡ. ಬಾಗಿಲಲ್ಲಿ ಚೀಲ ತಪಾಸಣೆ ಇರುತ್ತದೆ. ನೀರಿನ ಬಾಟಲಿಯಿಂದ ಒಂದು ಗುಟುಕು ಕುಡಿದು ತೋರಿಸಿ ಅಂತಲೂ ಕೇಳಬಹುದು.

ಬೇಸಿಗೆಯಾದರೂ ಒಂದು ಸ್ವೆಟರ್ ಇರಲಿ. ಒಂದು ಕೋಣೆ ಸೆಕೆ, ಪಕ್ಕದ ಕೋಣೆ ಚಳಿ, ಇದು ಹಳೆಯ ಕಟ್ಟಡಗಳ ಸ್ವಭಾವ. ಸೂಟು ಟೈ ಬೇಕಿಲ್ಲ. ಅಚ್ಚುಕಟ್ಟಾಗಿರುವ, ಗಂಟೆಗಟ್ಟಲೆ ಕೂರಲು ಹಿತವಾದ ಬಟ್ಟೆ ಸಾಕು. ಫೋನ್ ಚಾರ್ಜರ್, ಮಾತ್ರೆ, ಕನ್ನಡಕ ಮರೆಯಬೇಡಿ.

ಕಾಯುವುದು

ಮೊದಲ ದಿನ ಹೆಸರು ನೋಂದಾಯಿಸಿ ಒಂದು ದೊಡ್ಡ ಕೋಣೆಯಲ್ಲಿ ಕೂರಿಸುತ್ತಾರೆ. ಒಂದು ವಿಡಿಯೋ ತೋರಿಸುತ್ತಾರೆ. ಜ್ಯೂರಿ ಆಫೀಸರ್ ಬಂದು ನಿಯಮ ಹೇಳುತ್ತಾರೆ. ಆಮೇಲೆ ಕಾಯುವುದು. ಅರಸೀಕೆರೆ ಜಂಕ್ಷನ್‌ನಲ್ಲಿ ತಡವಾದ ರೈಲಿಗೆ ಕಾಯುವ ಹಾಗೆ ಇದು: ಬರುವುದು ಖಂಡಿತ, ಯಾವಾಗ ಅಂತ ಹೇಳುವವರಿಲ್ಲ, ಎದ್ದು ದೂರ ಹೋಗುವಂತೆಯೂ ಇಲ್ಲ.

ಯಾಕೆ ಇಷ್ಟು ಕಾಯಿಸುತ್ತಾರೆ ಅಂತ ಗೊತ್ತಿದ್ದರೆ ಅರ್ಧ ಸಿಟ್ಟು ಇಳಿಯುತ್ತದೆ. ಆರೋಪಿಯನ್ನು ಜೈಲಿನಿಂದ ಕರೆತರುವ ವ್ಯಾನ್ ತಡವಾಗುತ್ತದೆ. ಸಾಕ್ಷಿ ಬಂದಿರುವುದಿಲ್ಲ. ಒಂದು ದಾಖಲೆಯನ್ನು ಜ್ಯೂರಿಗೆ ತೋರಿಸಬಹುದಾ ಬೇಡವಾ ಅಂತ ವಕೀಲರು ಜಡ್ಜ್ ಮುಂದೆ ವಾದ ಮಾಡುತ್ತಿರುತ್ತಾರೆ. ಆ ವಾದ ನಿಮ್ಮ ಕಿವಿಗೆ ಬೀಳಬಾರದು, ಅದಕ್ಕೇ ನಿಮ್ಮನ್ನು ಹೊರಗೆ ಇಟ್ಟಿರುತ್ತಾರೆ. ಜೊತೆಗೆ ಕೇಸುಗಳ ರಾಶಿ. 2024ರಲ್ಲಿ ಕ್ರೌನ್ ಕೋರ್ಟ್‌ಗಳಲ್ಲಿ (ಗಂಭೀರ ಅಪರಾಧಗಳ ವಿಚಾರಣೆ ನಡೆಯುವ ಕೋರ್ಟ್‌ಗಳು) ಬಾಕಿ ಇದ್ದ ಕೇಸುಗಳು 70 ಸಾವಿರ ದಾಟಿದ್ದವು.

ಇನ್ನೊಂದು ಕಾರಣ ಇದೆ, ನನ್ನ ಪ್ರಕಾರ ಇದೇ ಮುಖ್ಯ. ಎಷ್ಟೋ ಆರೋಪಿಗಳು ವಿಚಾರಣೆಯ ದಿನ ಬೆಳಿಗ್ಗೆ, ಜ್ಯೂರಿ ಸಿದ್ಧವಾಗಿ ಕೂತಿದೆ ಅಂತ ಗೊತ್ತಾದ ಮೇಲೆ ತಪ್ಪೊಪ್ಪಿಕೊಳ್ಳುತ್ತಾರೆ. ಕೇಸ್ ಅಲ್ಲೇ ಮುಗಿಯುತ್ತದೆ. ನಿಮ್ಮನ್ನು ಕರೆಯುವುದೇ ಇಲ್ಲ. ದೂರು ಕೊಟ್ಟವರು ಕಟಕಟೆ ಹತ್ತಿ ಎಲ್ಲವನ್ನೂ ಮತ್ತೆ ಹೇಳುವ ನೋವು ತಪ್ಪುತ್ತದೆ. ನೀವು ಆ ಕೋಣೆಯಲ್ಲಿ ಕೂತಿದ್ದದ್ದೇ ಆ ಕೆಲಸ ಮಾಡಿರುತ್ತದೆ. ಎರಡು ವಾರ ಒಂದೂ ಕೇಸ್ ಸಿಗದೆ ಹೋದವರು "ಟೈಮ್ ವೇಸ್ಟ್" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ.

ಸರಿ, ಹೊತ್ತು ಕಳೆಯುವುದು ಹೇಗೆ? ಕಾಯುವ ಕೋಣೆಯಲ್ಲಿ ಸಾಮಾನ್ಯವಾಗಿ ಫೋನ್ ಬಳಸಬಹುದು, ಎಷ್ಟೋ ಕಡೆ ಲ್ಯಾಪ್‌ಟಾಪ್, ವೈಫೈ ಕೂಡ ನಡೆಯುತ್ತದೆ. ಆದರೂ ಇಡೀ ದಿನ ಸ್ಕ್ರೀನ್ ನೋಡಿದರೆ ಸಂಜೆಗೆ ತಲೆ ಸಿಡಿಯುತ್ತದೆ. ಯಾವಾಗ ಬೇಕಾದರೂ ನಿಲ್ಲಿಸಿ ಎದ್ದು ಹೋಗಬಹುದಾದ ಕೆಲಸ ಆರಿಸಿಕೊಳ್ಳಿ. ಸಣ್ಣ ಕತೆಗಳ ಪುಸ್ತಕ ದೊಡ್ಡ ಕಾದಂಬರಿಗಿಂತ ಒಳ್ಳೆಯದು. ಪದಬಂಧ, ಸುಡೊಕು, ಡೈರಿ, ಯಾರಿಗೋ ಬರೆಯಬೇಕಾಗಿದ್ದ ಪತ್ರ, ಹಳೆಯ ಫೋಟೋ ವಿಂಗಡಿಸುವುದು, ಎಲ್ಲ ಆಗುತ್ತದೆ. ಆಫೀಸ್ ಮೀಟಿಂಗ್ ಮಾತ್ರ ಇಟ್ಟುಕೊಳ್ಳಬೇಡಿ. ನಾಲ್ಕು ಜನರ ನಡುವೆ ಕೂತು ಆ ಮಾತೆಲ್ಲ ಆಡುವುದು ಚೆನ್ನಲ್ಲ. ಮೇಲಾಗಿ ಕರೆ ಬಂದರೆ ನಡುವೆಯೇ ಎದ್ದು ಹೋಗಬೇಕು.

ಗಂಟೆಗೊಮ್ಮೆ ಎದ್ದು ನಡೆಯಿರಿ. ಊಟದ ಬಿಡುವಿನಲ್ಲಿ ಹೊರಗೆ ಬಿಟ್ಟರೆ ಹೋಗಿ ಬಿಸಿಲು ಕಾಣಿ. ಹೋಗುವಾಗ ಆಫೀಸರ್‌ಗೆ ಹೇಳಿ, ವಾಪಸ್ ಬರುವ ಸಮಯ ಕೇಳಿಕೊಳ್ಳಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಒಂದು ಕಿವಿ ಖಾಲಿ ಇರಲಿ. ಹೆಸರು ಕೂಗಿದಾಗ ಕೇಳಬೇಕು. ನಮ್ಮ ಹೆಸರುಗಳನ್ನು ಇಲ್ಲಿಯವರು ಹೇಗೆ ಹೇಳುತ್ತಾರೋ ಗೊತ್ತಾಗುವುದಿಲ್ಲ. ಮೊದಲೇ ಹೋಗಿ ನಿಮ್ಮ ಹೆಸರು ಉಚ್ಚರಿಸುವುದು ಹೇಗೆ ಅಂತ ಹೇಳಿಕೊಟ್ಟರೆ ಅವರಿಗೂ ಸುಲಭ.

ಪಕ್ಕದವರ ಜೊತೆ ಮಾತಾಡಿ. ಲಾರಿ ಓಡಿಸುವವರು, ನರ್ಸ್, ನಿವೃತ್ತ ಮೇಷ್ಟ್ರು, ಕಾಲೇಜು ಹುಡುಗಿ, ಇಂಥ ಜನ ಒಂದೇ ಕೋಣೆಯಲ್ಲಿ ಸಿಗುವ ಜಾಗ ಈ ದೇಶದಲ್ಲಿ ಬೇರೆ ಕಡಿಮೆ. ಎಷ್ಟೋ ವರ್ಷ ಇಲ್ಲಿದ್ದು ನಮ್ಮವರ ಜೊತೆ, ಆಫೀಸಿನವರ ಜೊತೆ ಬಿಟ್ಟರೆ ಯಾರ ಹತ್ತಿರವೂ ಮಾತಾಡದವರಿಗೆ ಇದು ದೊಡ್ಡ ಅವಕಾಶ. ಕ್ರಿಕೆಟ್, ಮಕ್ಕಳು, ಅಡುಗೆ ಏನಾದರೂ ಮಾತಾಡಿ. ಕೇಸಿನ ಬಗ್ಗೆ ಮಾತ್ರ ಬೇಡ.

ಜ್ಯೂರಿಯಲ್ಲಿ ಕೂರುವುದು ಹಿಂದೆ ಇಷ್ಟು ಹಿತವಾಗಿರಲಿಲ್ಲ. 1670ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನಲ್ಲಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅನ್ನುವ ಇಬ್ಬರು ಕ್ವೇಕರ್ ಪಂಥದ ಕ್ರೈಸ್ತರ ವಿಚಾರಣೆ ನಡೆಯಿತು. ಜ್ಯೂರಿ ಅವರನ್ನು ತಪ್ಪಿತಸ್ಥರು ಎನ್ನಲು ಒಪ್ಪಲಿಲ್ಲ. ಕೋರ್ಟಿನವರು ಜ್ಯೂರಿಯನ್ನೇ ಎರಡು ರಾತ್ರಿ ಊಟವಿಲ್ಲದೆ ಕೂಡಿಹಾಕಿದರು. ಅವರು ಜಗ್ಗಲಿಲ್ಲ. ದಂಡ ಹಾಕಿದರು. ಎಡ್ವರ್ಡ್ ಬುಷೆಲ್ ಅನ್ನುವ ಸದಸ್ಯ ಅದನ್ನು ಪ್ರಶ್ನಿಸಿದ. ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಅನ್ನುವ ನಿಯಮ ಅಲ್ಲಿಂದ ಗಟ್ಟಿಯಾಯಿತು. ಓಲ್ಡ್ ಬೈಲಿಯ ಗೋಡೆಯ ಮೇಲೆ ಆ ಜ್ಯೂರಿಯ ನೆನಪಿಗೆ ಒಂದು ಫಲಕ ಇದೆ. ಆ ಕಡೆ ಹೋದರೆ ನೋಡಿ.

ಕೋರ್ಟ್ ಒಳಗೆ ಕರೆದಾಗ

ಸಾಮಾನ್ಯವಾಗಿ 15 ಅಥವಾ ಅದಕ್ಕಿಂತ ಜಾಸ್ತಿ ಜನರನ್ನು ಒಟ್ಟಿಗೆ ಕರೆದುಕೊಂಡು ಹೋಗುತ್ತಾರೆ. ಅವರಲ್ಲಿ 12 ಜನರನ್ನು ಚೀಟಿ ಎತ್ತಿ ಆರಿಸುತ್ತಾರೆ. ಅಮೆರಿಕದ ಹಾಗೆ ವಕೀಲರು ಒಬ್ಬೊಬ್ಬರನ್ನೂ ಪ್ರಶ್ನೆ ಕೇಳಿ ತೆಗೆಯುವುದು ಇಲ್ಲಿಲ್ಲ. ಆರೋಪಿ, ಸಾಕ್ಷಿಗಳ ಹೆಸರು ಓದುತ್ತಾರೆ. ಯಾರಾದರೂ ಪರಿಚಯದವರು ಅನ್ನಿಸಿದರೆ ತಕ್ಷಣ ಹೇಳಿ. ಉದ್ದದ ಕೇಸ್ ಆದರೆ ಅಷ್ಟು ದಿನ ಕೂರಲು ಆಗುತ್ತದಾ ಅಂತ ಕೇಳುತ್ತಾರೆ. ಊರಿಗೆ ಹೋಗುವ ಟಿಕೆಟ್ ಇದ್ದರೆ ಹೇಳಬೇಕಾದ ಕ್ಷಣ ಇದೇ. ಆರಿಸದಿದ್ದರೆ ಮತ್ತೆ ಕಾಯುವ ಕೋಣೆಗೆ.

ಆರಿಸಿದರೆ ಪ್ರಮಾಣ. ಭಗವದ್ಗೀತೆ, ಕುರಾನ್, ಬೈಬಲ್ ಮುಂತಾದವು ಇರುತ್ತವೆ. ನಿಮಗೆ ಬೇಕಾದ್ದನ್ನು ಕೇಳಿ. ಯಾವ ಗ್ರಂಥವೂ ಬೇಡ ಅಂದರೆ ಹಾಗೆಯೇ ದೃಢೀಕರಿಸಿ ಹೇಳಬಹುದು, ಎರಡಕ್ಕೂ ಒಂದೇ ಬೆಲೆ. ಓದಬೇಕಾದ ಸಾಲು ಕಾರ್ಡಿನಲ್ಲಿ ಇರುತ್ತದೆ. ನಿಧಾನವಾಗಿ ಓದಿ. ನಮ್ಮ ಉಚ್ಚಾರಣೆ ಬಗ್ಗೆ ಸಂಕೋಚ ಬೇಡ.

ಸಾಕ್ಷ್ಯ ಕೇಳುವಾಗ ನೋಟ್ಸ್ ಮಾಡಿಕೊಳ್ಳಬಹುದು. ಆದರೆ ಅದನ್ನು ಮನೆಗೆ ಒಯ್ಯುವಂತಿಲ್ಲ. ಏನಾದರೂ ಅರ್ಥ ಆಗದಿದ್ದರೆ, ಕೇಳಿಸದಿದ್ದರೆ ಚೀಟಿ ಬರೆದು ಅಶರ್ (ಕೋರ್ಟಿನ ಸಹಾಯಕ ಸಿಬ್ಬಂದಿ) ಮೂಲಕ ಜಡ್ಜ್‌ಗೆ ಕಳಿಸಿ. ಉತ್ತರ ಇಂಗ್ಲೆಂಡಿನ ಭಾಷೆಯ ಎಳೆತ ನಮಗೆ ಒಮ್ಮೊಮ್ಮೆ ಅರ್ಥ ಆಗುವುದಿಲ್ಲ, ಅಲ್ವಾ? ಸುಮ್ಮನೆ ತಲೆಯಾಡಿಸಿ ಕೂರುವುದಕ್ಕಿಂತ ಕೇಳುವುದು ನಿಮ್ಮ ಕರ್ತವ್ಯ.

ಗೂಗಲ್ ಮಾಡಬೇಡಿ, ಮನೆಯಲ್ಲಿ ಹೇಳಬೇಡಿ

ಇದರಲ್ಲಿ ರಿಯಾಯಿತಿ ಇಲ್ಲ. ಆರೋಪಿಯ ಹೆಸರು, ಘಟನೆ ನಡೆದ ಜಾಗ, ವಕೀಲರು, ಕಾನೂನಿನ ಸೆಕ್ಷನ್ ಯಾವುದನ್ನೂ ಇಂಟರ್ನೆಟ್‌ನಲ್ಲಿ ಹುಡುಕಬಾರದು. ಅದು ಅಪರಾಧ, 2 ವರ್ಷದ ತನಕ ಜೈಲಾಗಬಹುದು. ಇದು ಬರೀ ಹೆದರಿಸುವ ಮಾತಲ್ಲ. 2011ರಲ್ಲಿ ಮ್ಯಾಂಚೆಸ್ಟರ್‌ನ ಒಂದು ಕೇಸಿನಲ್ಲಿ ಜ್ಯೂರಿ ಸದಸ್ಯೆಯೊಬ್ಬರು ಫೇಸ್‌ಬುಕ್‌ನಲ್ಲಿ ಆರೋಪಿಯೊಬ್ಬಳ ಜೊತೆ ಚಾಟ್ ಮಾಡಿ 8 ತಿಂಗಳ ಶಿಕ್ಷೆಗೆ ಒಳಗಾದರು. ಮರುವರ್ಷ ಲೂಟನ್ ಕೇಸಿನಲ್ಲಿ ಆರೋಪಿಯ ಹಿನ್ನೆಲೆಯನ್ನು ನೆಟ್‌ನಲ್ಲಿ ಹುಡುಕಿದವರಿಗೆ 6 ತಿಂಗಳಾಯಿತು.

ನಮ್ಮವರಿಗೆ ಕಷ್ಟ ಆಗುವುದು ಮನೆಯಲ್ಲಿ. ಸಂಜೆ ಬಂದ ತಕ್ಷಣ "ಏನ್ರೀ, ಏನು ಕೇಸು?" ಅನ್ನುತ್ತಾರೆ. ಊರಿಂದ ಅಮ್ಮ ಫೋನ್ ಮಾಡಿ ಕೇಳುತ್ತಾರೆ. ಕನ್ನಡದಲ್ಲಿ ಹೇಳಿದರೆ ಯಾರಿಗೆ ಗೊತ್ತಾಗುತ್ತೆ ಅನ್ನಬೇಡಿ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಾಲೂ ಹಾಕಬೇಡಿ. ಸೇವೆ ಶುರುವಾಗುವ ಮುಂಚೆಯೇ ಎಲ್ಲರಿಗೂ ಹೇಳಿಬಿಡಿ: "ಎರಡು ವಾರ ನನ್ನನ್ನು ಏನೂ ಕೇಳಬೇಡಿ, ಮುಗಿದ ಮೇಲೆ ಹೇಳಬಹುದಾದ್ದನ್ನು ನಾನೇ ಹೇಳುತ್ತೇನೆ." ಮುಗಿದ ಮೇಲೂ ತೆರೆದ ಕೋರ್ಟಿನಲ್ಲಿ ನಡೆದದ್ದನ್ನು ಮಾತ್ರ ಹೇಳಬಹುದು. ಚರ್ಚೆಯ ಕೋಣೆಯೊಳಗೆ ಯಾರು ಏನಂದರು ಅನ್ನುವುದನ್ನು ಎಂದಿಗೂ ಹೇಳುವಂತಿಲ್ಲ.

ತೀರ್ಪಿನ ಹೊತ್ತು

ಎಲ್ಲ ಮುಗಿದ ಮೇಲೆ 12 ಜನ ಒಂದು ಕೋಣೆಗೆ ಹೋಗುತ್ತೀರಿ. ಫೋನ್ ತೆಗೆದಿಟ್ಟುಕೊಳ್ಳುತ್ತಾರೆ. ನಿಮ್ಮಲ್ಲೇ ಒಬ್ಬರನ್ನು ಮುಖ್ಯಸ್ಥರಾಗಿ ಆರಿಸುತ್ತೀರಿ. ಮೊದಲು ಎಲ್ಲರೂ ಒಪ್ಪಿದ ತೀರ್ಪು ಕೇಳುತ್ತಾರೆ. ಕನಿಷ್ಠ 2 ಗಂಟೆ 10 ನಿಮಿಷ ಕಳೆದ ಮೇಲೆ ಜಡ್ಜ್ ಬೇಕೆನಿಸಿದರೆ 11–1 ಅಥವಾ 10–2ರ ಬಹುಮತಕ್ಕೆ ಒಪ್ಪಬಹುದು. ತಪ್ಪಿತಸ್ಥ ಅನ್ನಬೇಕಾದರೆ ನಿಮಗೆ ಖಚಿತವಾಗಿರಬೇಕು. "ಇರಬಹುದೇನೋ" ಅನ್ನುವುದು ಸಾಲದು. ಹಿರಿಯರು ಹೇಳಿದರು, ಗಟ್ಟಿ ದನಿಯವರು ಹೇಳಿದರು ಅಂತ ಒಪ್ಪಿಕೊಳ್ಳಬೇಡಿ. ನಿಮ್ಮ ಮಾತನ್ನೂ ಹೇಳಿ, ಉಳಿದವರದ್ದನ್ನೂ ಪೂರ್ತಿ ಕೇಳಿ.

ಆಮೇಲೆ

ಕೆಲವು ಕೇಸುಗಳು ಮನಸ್ಸಿನಲ್ಲಿ ಉಳಿದುಬಿಡುತ್ತವೆ. ಮಕ್ಕಳ ಮೇಲಿನ ದೌರ್ಜನ್ಯ, ಕೊಲೆಯ ಫೋಟೋಗಳು, ಇಂಥವು. ನಿದ್ದೆ ಬರದಿದ್ದರೆ ಮುಚ್ಚಿಟ್ಟುಕೊಳ್ಳಬೇಡಿ. ಜಿಪಿ, ಅಂದರೆ ನಿಮ್ಮ ಮಾಮೂಲಿ ಡಾಕ್ಟರ್ ಹತ್ತಿರ ಹೋಗಿ. 116 123ಕ್ಕೆ ಫೋನ್ ಮಾಡಿದರೆ ಮನಸ್ಸಿನ ಕಷ್ಟ ಕೇಳುವ ಸಮಾರಿಟನ್ಸ್ ಸಂಸ್ಥೆಯವರು ಹಗಲು ರಾತ್ರಿ ಯಾವಾಗ ಬೇಕಾದರೂ ಕೇಳಿಸಿಕೊಳ್ಳುತ್ತಾರೆ, ದುಡ್ಡಿಲ್ಲ. ಚರ್ಚೆಯ ಕೋಣೆಯ ವಿಷಯ ಬಿಟ್ಟು ನಿಮ್ಮ ಮನಸ್ಸಿಗೆ ಆಗಿರುವುದನ್ನು ಹೇಳಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಖರ್ಚಿನ ಅರ್ಜಿಯನ್ನು ಆ ವಾರವೇ ಕಳಿಸಿ. ಬಸ್, ರೈಲು ಟಿಕೆಟ್ ಇಟ್ಟುಕೊಂಡಿರಿ. ಸ್ವಂತ ಕಾರಾದರೆ 2024ರ ದರ ಮೈಲಿಗೆ 31.4 ಪೆನ್ಸ್. ಟ್ಯಾಕ್ಸಿಗೆ ಮೊದಲೇ ಕೋರ್ಟಿನ ಒಪ್ಪಿಗೆ ಪಡೆದಿದ್ದರೆ ಮಾತ್ರ ಹಣ ಬರುತ್ತದೆ. ಸೇವೆ ಮಾಡಿದ್ದಕ್ಕೆ ಸಂಬಂಧಪಟ್ಟ ಕಾಗದಗಳನ್ನೆಲ್ಲ ಒಂದು ಫೈಲ್‌ನಲ್ಲಿ ಹಾಕಿಡಿ. 2 ವರ್ಷದೊಳಗೆ ಇನ್ನೊಂದು ಸಮನ್ಸ್ ಬಂದರೆ ಅದೇ ನಿಮಗೆ ಆಧಾರ.